ಅಲಗಿನ ತಗ್ಗು, ಸಾಣೆಗಾರನ ಎದೆ

ಬಕ್ರೀದ್ ಹತ್ತಿರವಾದಂತೆ ನಮ್ಮ ಊರುಗಳ ಮೊಹಲ್ಲಾಗಳಲ್ಲಿ ಸಾಣೆ ಹಿಡಿಯುವವರ ಕೂಗು ಕೇಳಿಸತೊಡಗುತ್ತದೆ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲ್ ತುಳಿದರೆ ಮುಂದೆ ಕೂರಿಸಿದ ಕಲ್ಲು ಗಿರ್ರನೆ ತಿರುಗುತ್ತದೆ. ವರ್ಷವಿಡೀ ಮೂಲೆಯಲ್ಲಿ ಬಿದ್ದಿದ್ದ ಚೂರಿ, ಕತ್ತಿ, ಮಚ್ಚುಗಳೆಲ್ಲ ಆ ವಾರ ಹೊರಬರುತ್ತವೆ. ಜಿಬಹ್ ಮಾಡುವವನು ತನ್ನ ಚೂರಿಯನ್ನು ಚೆನ್ನಾಗಿ ಹರಿತ ಮಾಡಿಕೊಳ್ಳಬೇಕು, ಪ್ರಾಣಿಗೆ ಹಿಂಸೆಯಾಗಬಾರದು ಎಂಬುದು ಪ್ರವಾದಿಯವರ (ಸ) ಆದೇಶ. ಹರಿತವೇ ಇಲ್ಲಿ ದಯೆ.

ಉತ್ತರ ಕರ್ನಾಟಕದಲ್ಲಿ ಈ ಕಸುಬಿನ ಮನೆತನಗಳಿಗೆ ಶಿಕಲಗಾರ ಎಂಬ ಅಡ್ಡಹೆಸರಿದೆ. ಅರಬಿಯಲ್ಲಿ ಖಡ್ಗಕ್ಕೆ ಹೊಳಪು ಕೊಡುವವನನ್ನು ‘ಸೈಕಲ್’ ಎನ್ನುತ್ತಾರೆ. ಅದಕ್ಕೆ ಫಾರಸಿಯ ‘ಗರ್’ ಸೇರಿ ಸೈಕಲ್‌ಗರ್ ಆಯಿತು. ನಮ್ಮ ನಾಲಿಗೆಯಲ್ಲಿ ಶಿಕಲಗಾರ ಆಯಿತು. ಇವರು ತುಳಿಯುವ ಸೈಕಲ್ಲಿಗೂ ಈ ಹೆಸರಿಗೂ ಸಂಬಂಧವೇನೂ ಇಲ್ಲ, ಆದರೂ ಕೇಳಿದಾಗ ಮೋಜೆನಿಸುತ್ತದೆ. ಒಂದು ಕಾಲಕ್ಕೆ ಸೇನೆಗಳ ಖಡ್ಗ, ಗುರಾಣಿಗಳಿಗೆ ಹೊಳಪು ಕೊಡುತ್ತಿದ್ದವರು ಈಗ ಅಡುಗೆಮನೆಯ ಚಾಕುಗಳನ್ನು ನೆಚ್ಚಿ ಬೀದಿ ಬೀದಿ ಅಲೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಹಿರಿಯರ ಮುಂದೆ ನಾನು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಕ್ಷೌರದ ಕತ್ತಿಯನ್ನು ಹಿಡಿದಿದ್ದೆ. ಅಲಗಿನ ಬುಡದಲ್ಲಿ ಇಂಗ್ಲಿಷಿನಲ್ಲಿ ‘ಶೆಫೀಲ್ಡ್’ ಎಂದು ಕೆತ್ತಿತ್ತು. ಅದೇ ಪೆಟ್ಟಿಗೆಯಲ್ಲಿ ಅಕೀಕ್ ಕಲ್ಲಿನ ಒಂದು ಉಂಗುರವೂ ಇತ್ತು. ಅದರ ಮಾತು ಆಮೇಲೆ. ಅವರು ಕತ್ತಿಯನ್ನು ಬಿಸಿಲಿಗೆ ಹಿಡಿದು, ಬೆರಳಿನಿಂದ ಅದರ ಪಕ್ಕೆಯನ್ನು ಸವರಿ ಹಿಂದಿರುಗಿಸಿದರು. “ಇದು ನನ್ನಿಂದ ಆಗಾಂಗಿಲ್ಲ ಸಾಹೇಬ್ರ. ಇದರ ಹೊಟ್ಟಿ ಒಳಗ ಹೋಗೇದ. ನನ್ನ ಕಲ್ಲು ಇದಕ್ಕ ದೊಡ್ಡದಾಗ್ತದ” ಎಂದರು.

ಕಲ್ಲು ಕತ್ತಿಗೆ ದೊಡ್ಡದಾಗುವುದು ಎಂದರೇನು? ಆ ಹಿರಿಯರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಉರುಟಾದ ಕಲ್ಲಿನ ಅಂಚಿಗೆ ಅಲಗಿನ ಪಕ್ಕೆಯನ್ನು ಒತ್ತಿದರೆ ಕಲ್ಲಿನ ಬಾಗು ಉಕ್ಕಿನಲ್ಲಿ ಅಚ್ಚಿನಂತೆ ಇಳಿಯುತ್ತದೆ. ಎರಡೂ ಪಕ್ಕೆಗಳಲ್ಲಿ ಹೀಗೆ ತಗ್ಗು ತೋಡಿದರೆ ಬೆನ್ನು ದಪ್ಪಗೆ ಉಳಿದು, ಬಾಯಿಯ ಹತ್ತಿರ ಅಲಗು ಕಾಗದದಂತೆ ತೆಳುವಾಗುತ್ತದೆ. ಇಂಗ್ಲಿಷಿನವರು ಇದನ್ನು ‘ಹಾಲೋ ಗ್ರೈಂಡ್’ ಎನ್ನುತ್ತಾರೆ. ಬಾಯಿಯಿಂದ ಬೆನ್ನಿನ ಕಡೆಗೆ ಈ ತಗ್ಗು ಎಷ್ಟು ದೂರ ಏರಬೇಕು ಎಂಬುದು ಸಾಣೆಯ ಎತ್ತರ. ಈ ಎತ್ತರವನ್ನು ಆರಿಸುವುದರಲ್ಲೇ ಸಾಣೆಗಾರನ ಬುದ್ಧಿವಂತಿಕೆ ಇದೆ.

ಲೆಕ್ಕ ಶಾಲೆಯ ರೇಖಾಗಣಿತದ್ದೇ. ಎತ್ತರವನ್ನು ಅದರಿಂದಲೇ ಗುಣಿಸಿ, ಕಲ್ಲಿನ ವ್ಯಾಸದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ತಗ್ಗಿನ ಆಳ ಸರಿಸುಮಾರಾಗಿ ಸಿಗುತ್ತದೆ. ಒಂದು ಮೀಟರ್ ವ್ಯಾಸದ ಕಲ್ಲಿನಲ್ಲಿ 12 ಮಿಲಿಮೀಟರ್ ಎತ್ತರಕ್ಕೆ ಸಾಣೆ ಹಿಡಿದರೆ ತಗ್ಗಿನ ಆಳ 0.036 ಮಿಲಿಮೀಟರ್ ಮಾತ್ರ. ಕಣ್ಣಿಗೆ ಅದು ಸಪಾಟಾಗಿಯೇ ಕಾಣುತ್ತದೆ. ಅದೇ ಎತ್ತರವನ್ನು 100 ಮಿಲಿಮೀಟರ್, ಅಂದರೆ ಸುಮಾರು ನಾಲ್ಕು ಅಂಗುಲದ ಕಲ್ಲಿನಲ್ಲಿ ಹಿಡಿದರೆ ಆಳ ಹತ್ತು ಪಟ್ಟು. ಇನ್ನೊಂದು ಸಂಗತಿ: ಎತ್ತರವನ್ನು ಎರಡು ಪಟ್ಟು ಮಾಡಿದರೆ ಆಳ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಇಷ್ಟ ಬಂದಷ್ಟು ಎತ್ತರಕ್ಕೆ ಏರುವಂತಿಲ್ಲ. ಮೂರು ಮಿಲಿಮೀಟರ್ ದಪ್ಪದ ಪಟ್ಟಿಯನ್ನು 200 ಮಿಲಿಮೀಟರ್ ಕಲ್ಲಿಗೆ ಕೊಟ್ಟರೆ ಸುಮಾರು 17 ಮಿಲಿಮೀಟರ್ ಎತ್ತರಕ್ಕೆ ಲೆಕ್ಕ ಮುಗಿಯಿತು. ಅದಕ್ಕಿಂತ ಮೇಲೆ ಹೋದರೆ ಎರಡು ಕಡೆಯ ತಗ್ಗುಗಳು ಬಾಯಿಯ ಬಳಿ ಒಂದನ್ನೊಂದು ತಿಂದು ಅಂಚೇ ಮಾಯವಾಗುತ್ತದೆ. ಇನ್ನೂ ಎತ್ತರ ಬೇಕೆಂದರೆ ಕಲ್ಲು ದೊಡ್ಡದಿರಬೇಕು, ಇಲ್ಲವೇ ಉಕ್ಕು ದಪ್ಪವಿರಬೇಕು.

ಎತ್ತರ ಕಡಿಮೆಯಾದರೂ ತೊಂದರೆಯೇ. ತಗ್ಗು ಬಾಯಿಯ ಹತ್ತಿರವೇ ಮುಗಿದುಹೋದರೆ ಅಲಗು ಬೇಗ ದಪ್ಪವಾಗುತ್ತದೆ. ಅಂಥ ಚೂರಿ ಚರ್ಮ ಸುಲಿಯಲು, ನಿಂಬೆಹಣ್ಣು ಹೆಚ್ಚಲು ಚೆನ್ನ. ಕುಂಬಳಕಾಯಿಗೆ ಇಳಿಸಿದಾಗ ತಗ್ಗು ಮುಗಿಯುವ ಏಣು ತಡೆದು ನಿಂತುಬಿಡುತ್ತದೆ. ಮೇಲಾಗಿ ಪ್ರತಿ ಸಲ ಮಸೆದಾಗಲೂ ಬಾಯಿ ಬೆನ್ನಿನ ಕಡೆಗೆ ಸವೆಯುತ್ತಾ ಹೋಗುವುದರಿಂದ, ಎತ್ತರ ಕಡಿಮೆಯಿದ್ದ ಚೂರಿ ಒಂದೆರಡು ವರ್ಷದಲ್ಲಿ ಮೊಂಡುಗೊಡಲಿಯಾಗುತ್ತದೆ. ಎತ್ತರ ಹೆಚ್ಚಿದ್ದದ್ದು ಬಹುಕಾಲ ತೆಳುವಾಗಿಯೇ ಇರುತ್ತದೆ. ಎಲುಬು ಕಡಿಯುವ ಮಚ್ಚಿಗಂತೂ ತಗ್ಗು ಸಲ್ಲದು. ಬಾಯಿಯ ಹಿಂದೆ ಆಸರೆಯಿಲ್ಲದೆ ಅಂಚು ಚಕ್ಕೆ ಏಳುತ್ತದೆ.

ಈಗ ಅಜ್ಜನ ಕತ್ತಿಗೆ ಬರೋಣ. ಕ್ಷೌರದ ಕತ್ತಿಗೆ ತಗ್ಗು ಬಾಯಿಯಿಂದ ಬೆನ್ನಿನವರೆಗೂ ಏರಬೇಕು. ಏಕೆಂದರೆ ಮಸೆಯುವಾಗ ಅದು ಕಲ್ಲಿನ ಮೇಲೆ ಸಪಾಟಾಗಿ ಮಲಗುತ್ತದೆ. ಬೆನ್ನು ಮತ್ತು ಬಾಯಿ ಮಾತ್ರ ಕಲ್ಲನ್ನು ಮುಟ್ಟುತ್ತವೆ, ನಡುವಿನದು ಮುಟ್ಟುವುದಿಲ್ಲ. ಹೀಗಾಗಿ ಅಂಚಿನ ಕೋನ ಪ್ರತಿ ಸಲವೂ ತಾನಾಗಿಯೇ ಸರಿಬರುತ್ತದೆ. ಸುಮಾರು 16 ಮಿಲಿಮೀಟರ್ ಅಗಲ, ಐದು ಮಿಲಿಮೀಟರ್ ದಪ್ಪ ಬೆನ್ನಿನ ಕತ್ತಿಗೆ ಮೇಲಿನ ಲೆಕ್ಕ ಹಾಕಿ ನೋಡಿ. ಹಾಗೆ ಪೂರ್ತಿ ತೆಳುವಾಗಲು ಬೇಕಾದ ಕಲ್ಲು 100 ಮಿಲಿಮೀಟರಿನ ಆಸುಪಾಸಿನದು. ಅಂಥ ಕಲ್ಲಿನಲ್ಲಿ ತೋಡಿದ ಅಲಗು ಬಾಯಿಯಿಂದ ನಾಲ್ಕು ಮಿಲಿಮೀಟರ್ ಮೇಲೆ ಸುಮಾರು 0.3 ಮಿಲಿಮೀಟರ್ ದಪ್ಪವಿರುತ್ತದೆ. ಮೀಟರ್ ಅಗಲದ ಕಲ್ಲಿನಲ್ಲಾದರೆ ಅದರ ನಾಲ್ಕು ಪಟ್ಟು. ಸಾಣೆಯ ಎತ್ತರ ಕಲ್ಲಿನ ಗಾತ್ರವನ್ನು ನಿರ್ಧರಿಸಿತು. ಕಲ್ಲಿನ ಗಾತ್ರ ಇನ್ನೊಂದನ್ನು ನಿರ್ಧರಿಸಿತು: ಮನುಷ್ಯ ತನ್ನ ಮುಖವನ್ನು ಕಲ್ಲಿಗೆ ಎಷ್ಟು ಹತ್ತಿರ ಹಿಡಿಯಬೇಕು ಎಂಬುದನ್ನು. ಶೆಫೀಲ್ಡ್‌ನ ಕಥೆ ಇರುವುದು ಇಲ್ಲಿ.

ಇಂಗ್ಲೆಂಡಿನ ಈ ಊರು ಐದು ಸಣ್ಣ ನದಿಗಳ ನಡುವೆ ಗುಡ್ಡಗಳ ಬುಡದಲ್ಲಿದೆ. 14ನೆಯ ಶತಮಾನದ ಕವಿ ಚಾಸರ್ ಕೂಡ ಅಲ್ಲಿನ ಚೂರಿಯನ್ನು ಹೆಸರಿಸಿದ್ದಾನೆ ಎಂದರೆ ಅದರ ಖ್ಯಾತಿ ಎಷ್ಟು ಹಳೆಯದೆಂದು ಊಹಿಸಬಹುದು. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಚೂರಿಗಾರರ ಸಂಘ ಸ್ಥಾಪನೆಯಾಯಿತು. ನದಿಗಳ ಉದ್ದಕ್ಕೂ ನೀರಿನ ಚಕ್ರದಿಂದ ಕಲ್ಲು ತಿರುಗಿಸುವ ಸಾಣೆಮನೆಗಳು ಎದ್ದವು. ಪೋರ್ಟರ್ ತೊರೆಯ ದಡದಲ್ಲಿರುವ ‘ಶೆಪರ್ಡ್ ವ್ಹೀಲ್’ ಎಂಬ ಅಂಥದೊಂದು ಸಾಣೆಮನೆಯನ್ನು ಇಂದಿಗೂ ಮ್ಯೂಸಿಯಂ ಆಗಿ ಉಳಿಸಿಕೊಂಡಿದ್ದಾರೆ.

ಉಕ್ಕಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಕನ್ನಡಿಗನಿಗೆ ಮನಸ್ಸಾಗದು. ಬಾಯಿ ಅಷ್ಟು ತೆಳುವಾದರೂ ಮಡಚದೆ ಮುರಿಯದೆ ನಿಲ್ಲಬೇಕಾದರೆ ಉಕ್ಕು ಒಳ್ಳೆಯದಿರಬೇಕು. ಶೆಫೀಲ್ಡ್‌ಗೆ ಅಂಥ ಉಕ್ಕು ಸಿಕ್ಕಿದ್ದು 1740ರ ದಶಕದಲ್ಲಿ, ಬೆಂಜಮಿನ್ ಹಂಟ್ಸ್‌ಮನ್ ಎಂಬಾತ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡಾಗ. ಮೂಸೆಯ ಉಕ್ಕು ನಮ್ಮ ದಕ್ಷಿಣ ಭಾರತಕ್ಕೆ ಎಷ್ಟೋ ಶತಮಾನಗಳಿಂದ ಗೊತ್ತಿತ್ತು. ಅರಬಿಯಲ್ಲಿ ‘ಮುಹನ್ನದ್’ ಎಂದರೆ ಹಿಂದೂಸ್ತಾನದ ಉಕ್ಕಿನ ಖಡ್ಗ. 9ನೆಯ ಶತಮಾನದಲ್ಲಿ ತತ್ವಜ್ಞಾನಿ ಅಲ್ ಕಿಂದಿ ಖಲೀಫ ಮುಅ್‌ತಸಿಮ್‌ಗಾಗಿ ಖಡ್ಗಗಳ ಬಗೆಗಳ ಮೇಲೊಂದು ಗ್ರಂಥವನ್ನೇ ಬರೆದುಕೊಟ್ಟ. ನಮ್ಮ ‘ಉಕ್ಕು’ ಎಂಬ ಪದವೇ ಇಂಗ್ಲಿಷಿನಲ್ಲಿ ‘ವೂಟ್ಜ್’ ಆಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದರ ಬಗ್ಗೆ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಪ್ರವಾಸಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟ. 1820ರ ಸುಮಾರಿಗೆ ಮೈಕೇಲ್ ಫ್ಯಾರಡೆ, ಚೂರಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆಗೂಡಿ ಈ ಉಕ್ಕಿನ ಗುಟ್ಟನ್ನು ಭೇದಿಸಲು ಪ್ರಯೋಗಗಳನ್ನು ನಡೆಸಿದ. ಫ್ಯಾರಡೆಯಂಥ ವಿಜ್ಞಾನಿಯನ್ನು ನಮ್ಮ ಕುಲುಮೆಯವರ ಕೈಚಳಕ ಕಾಡಿತ್ತು ಎಂಬುದು ಸಣ್ಣ ಮಾತಲ್ಲ. ಆದರೆ ಆ ಕುಲುಮೆಗಳು ಮುಂದೆ ಆರಿಹೋದವು; ಅದು ಬೇರೆಯೇ ಲೇಖನದ ವಸ್ತು.

ಶೆಫೀಲ್ಡ್‌ನಲ್ಲಿ ಒಂದು ಕಾಲಕ್ಕೆ ಚೂರಿ ಬಡಿಯುವವನು, ಹಿಡಿ ಹಾಕುವವನು, ಸಾಣೆ ಹಿಡಿಯುವವನು ಒಬ್ಬನೇ ಆಗಿದ್ದ. ಕಲ್ಲಿನ ಮುಂದೆ ಕೂರುವುದು ಅವನ ದಿನದ ಒಂದು ಪಾಲು ಮಾತ್ರ. 18ನೆಯ ಶತಮಾನದಲ್ಲಿ ಕೆಲಸಗಳು ಒಡೆದು ಹಂಚಿಹೋದವು. ಸಾಣೆಗಾರ ಬೆಳಗಿನಿಂದ ಸಂಜೆಯವರೆಗೆ ಸಾಣೆಯನ್ನಷ್ಟೇ ಹಿಡಿಯತೊಡಗಿದ. ಬೇಸಿಗೆಯಲ್ಲಿ ನದಿ ಬತ್ತಿದಾಗಲಾದರೂ ಅವನಿಗೆ ಬಿಡುವು ಸಿಗುತ್ತಿತ್ತು. ಉಗಿಯಂತ್ರ ಬಂದ ಮೇಲೆ ಅದೂ ಹೋಯಿತು. ಊರೊಳಗಿನ ಮುಚ್ಚಿದ ಕೋಣೆಗಳಲ್ಲಿ ಸಾಲುಸಾಲಾಗಿ ಕಲ್ಲುಗಳು ತಿರುಗಿದವು. ಕುದುರೆಯ ಜೀನಿನಂತಿದ್ದ ಮರದ ಪೀಠದ ಮೇಲೆ ಕಾಲು ಇಬ್ಬದಿಗೆ ಹಾಕಿ, ಎದೆಯನ್ನು ಮಡಚಿ, ಮೊಣಕೈಗಳನ್ನು ಮೊಣಕಾಲಿಗೆ ಊರಿ ಕೂರಬೇಕಿತ್ತು.

ಊಟದ ಮೇಜಿನ ಚೂರಿಗಳನ್ನು ಮೂರು ನಾಲ್ಕು ಅಡಿಯ ದೊಡ್ಡ ಕಲ್ಲಿನಲ್ಲಿ, ನೀರಿನ ತೊಟ್ಟಿಯ ಮೇಲೆ, ಒದ್ದೆಯಾಗಿ ಹಿಡಿಯುತ್ತಿದ್ದರು. ಧೂಳು ಕೆಸರಾಗಿ ಮೈಮೇಲೆ ಸಿಡಿಯುತ್ತಿತ್ತು, ಎದೆಯೊಳಗೆ ಹೋಗುವುದು ಕಡಿಮೆ. ಕ್ಷೌರದ ಕತ್ತಿಗೆ ಹಾಗಲ್ಲ. ಆ ಪುಟ್ಟ ಕಲ್ಲಿನ ಮೇಲೆ ತಗ್ಗಿನ ಎತ್ತರ ಎಲ್ಲಿಗೆ ಬಂತು, ಬಾಯಿ ಎಷ್ಟು ತೆಳುವಾಯಿತು ಎಂದು ಕಣ್ಣಿಟ್ಟು ನೋಡುತ್ತಲೇ ಇರಬೇಕು. ಕೆಲಸದ ಒಂದು ಪಾಲನ್ನು ಒಣಕಲ್ಲಿನಲ್ಲೇ ಮಾಡುತ್ತಿದ್ದರು. ನಾಲ್ಕಡಿಯ ಕಲ್ಲಿನಲ್ಲಿ ಮುಖ ದೂರವಿದ್ದೀತು. ಕೆಲವೇ ಅಂಗುಲದ ಕಲ್ಲಿನಲ್ಲಿ ಮೂಗು ಕಿಡಿಗಳ ಮೇಲೆಯೇ ಇರುತ್ತದೆ. ಫೋರ್ಕ್ ಸಾಣೆಗಾರರದು ಇನ್ನೂ ಕಡೆ. ಅವರದು ಪೂರ್ತಿ ಒಣ ಸಾಣೆ.

ಶೆಫೀಲ್ಡ್‌ನ ವೈದ್ಯ ಅರ್ನಾಲ್ಡ್ ನೈಟ್ ಈ ರೋಗದ ಬಗ್ಗೆ ಬರೆದ. ಊರಿನಲ್ಲಿ ಅದಕ್ಕೆ ‘ಸಾಣೆಗಾರರ ಉಬ್ಬಸ’ ಎಂದೇ ಹೆಸರು. ನೈಟ್ ಕೊಟ್ಟ ಅಂಕಿಗಳನ್ನು ಓದುವಾಗ ಕೈ ನಡುಗುತ್ತದೆ. ಸುಮಾರು 2,500 ಸಾಣೆಗಾರರಲ್ಲಿ 150ರಷ್ಟು ಮಂದಿ ಫೋರ್ಕ್ ಸಾಣೆಯವರು, ಅದರಲ್ಲಿ 70 ಮಂದಿ ಬಾಲಕರು. ಅವರು 28ರಿಂದ 32ರ ವಯಸ್ಸಿಗೆ ಸಾಯುತ್ತಿದ್ದರು. ಒದ್ದೆ ಮತ್ತು ಒಣ ಎರಡೂ ಬಗೆಯಲ್ಲಿ ಕೆಲಸ ಮಾಡುವ ಕ್ಷೌರದ ಕತ್ತಿಯವರು 40ರಿಂದ 45ಕ್ಕೆ. ಒದ್ದೆ ಕಲ್ಲಿನ ಮೇಜುಚೂರಿಯವರು 40ರಿಂದ 50ಕ್ಕೆ. 1845ರಲ್ಲಿ ಫ್ರೆಡ್ರಿಕ್ ಎಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಅಂಕಿಗಳನ್ನು ಬಳಸಿಕೊಂಡ. 1843ರಲ್ಲಿ ಅದೇ ಊರಿನ ಇನ್ನೊಬ್ಬ ವೈದ್ಯ ಜಾರ್ಜ್ ಕಾಲ್ವರ್ಟ್ ಹಾಲೆಂಡ್ ಈ ರೋಗಗಳ ಮೇಲೆ ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದ. ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಉಪಾಯಗಳೂ ಹುಟ್ಟಿದವು. 1820ರ ದಶಕದ ಆರಂಭದಲ್ಲಿ ಶೆಫೀಲ್ಡ್‌ನ ಅಬ್ರಹಾಂ ಎಂಬಾತ ಸಾಣೆಗಾರನ ಮುಖದ ಮುಂದೆ ಅಯಸ್ಕಾಂತಗಳನ್ನು ಕಟ್ಟುವ ಸಾಧನ ಮಾಡಿದ. ಹಾರುವ ಕಬ್ಬಿಣದ ಪುಡಿ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಲಂಡನ್ನಿನಲ್ಲಿ ಅದಕ್ಕೆ ಚಿನ್ನದ ಪದಕವೂ ಸಿಕ್ಕಿತು. ನೋಡಲು ಅದ್ಭುತವೇ ಸರಿ. ಆದರೆ ಸಾಣೆಗಾರನನ್ನು ಕೊಲ್ಲುತ್ತಿದ್ದದ್ದು ಮುಖ್ಯವಾಗಿ ಕಬ್ಬಿಣದ ಪುಡಿಯಲ್ಲ, ಕಲ್ಲಿನ ಪುಡಿ. ಮರಳುಗಲ್ಲಿನಲ್ಲಿರುವ ಸಿಲಿಕಾ ಎದೆಗೂಡಿಗೆ ಇಳಿದು ಪುಪ್ಪುಸವನ್ನು ಗಟ್ಟಿ ಮಾಡುತ್ತದೆ. ನಾವಿಂದು ಸಿಲಿಕೋಸಿಸ್ ಎನ್ನುವುದು ಇದನ್ನೇ. ಅಯಸ್ಕಾಂತಕ್ಕೆ ಕಲ್ಲು ಅಂಟುವುದಿಲ್ಲವಲ್ಲ!

ಧೂಳನ್ನು ಹೊರಗೆ ಎಳೆಯುವ ಫ್ಯಾನ್ ನಿಜಕ್ಕೂ ಉಪಯೋಗಕ್ಕೆ ಬರುವಂಥದು. ಅದನ್ನು ಸಾಣೆಗಾರರೇ ಬೇಡವೆಂದರು, ಅಲ್ಲಲ್ಲಿ ಒಡೆದೂ ಹಾಕಿದರು ಎಂದು ಎಂಗೆಲ್ಸ್ ಬರೆಯುತ್ತಾನೆ. ಆಯುಸ್ಸು ಹೆಚ್ಚಾದರೆ ಕಸುಬಿಗೆ ಕೈಗಳು ಹೆಚ್ಚಾಗುತ್ತವೆ, ಕೂಲಿ ಇಳಿಯುತ್ತದೆ ಎಂಬುದು ಅವರ ಹೆದರಿಕೆ. ಇದನ್ನು ಮೂರ್ಖತನ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಯಾರು ಎಷ್ಟು ಶಿಷ್ಯರನ್ನು ಇಟ್ಟುಕೊಳ್ಳಬಹುದು, ಕಸುಬಿಗೆ ಯಾರು ಬರಬಹುದು ಎಂಬ ಹಳೆಯ ಕಟ್ಟುಪಾಡುಗಳನ್ನು 1814ರ ಕಾಯ್ದೆ ತೆಗೆದುಹಾಕಿತ್ತು. ಕಸುಬಿನ ಬಾಗಿಲು ಹಾರುಹೊಡೆದಿತ್ತು. ಕೂಲಿಯನ್ನು ಕಾಯಲು ಅವರ ಬಳಿ ಉಳಿದಿದ್ದ ಕೊನೆಯ ಬೇಲಿ ಸಾವೇ ಆಗಿತ್ತು. ತನ್ನ ಶ್ವಾಸಕೋಶವನ್ನೇ ಬೇಲಿ ಮಾಡಿಕೊಳ್ಳುವ ಸ್ಥಿತಿಗೆ ಮನುಷ್ಯನನ್ನು ತಂದು ನಿಲ್ಲಿಸಿದವರು ಯಾರು ಎಂಬ ಪ್ರಶ್ನೆಯನ್ನು ಆ ಕಾಲದ ಸಜ್ಜನರು ಅಷ್ಟಾಗಿ ಕೇಳಿಕೊಂಡಂತಿಲ್ಲ.

ಸಂಘಟನೆಯ ಇನ್ನೊಂದು ಮುಖವೂ ಇತ್ತು. ಸಂಘದ ಬಾಕಿ ಕೊಡದವರ ಚಕ್ರದ ಪಟ್ಟಿಯನ್ನು ರಾತ್ರೋರಾತ್ರಿ ಕದ್ದೊಯ್ಯುವುದು ಅಲ್ಲಿನ ರೂಢಿ. ಅದು ಬೆಳೆದು 1866ರ ಅಕ್ಟೋಬರಿನಲ್ಲಿ ಒಬ್ಬ ಗರಗಸ ಸಾಣೆಗಾರನ ಮನೆಯಲ್ಲಿ ಮದ್ದು ಸಿಡಿಸುವವರೆಗೆ ಹೋಯಿತು. 1867ರ ವಿಚಾರಣೆಯಲ್ಲಿ ಗರಗಸ ಸಾಣೆಗಾರರ ಸಂಘದ ಕಾರ್ಯದರ್ಶಿ ವಿಲಿಯಂ ಬ್ರಾಡ್‌ಹೆಡ್ ಎಲ್ಲವನ್ನೂ ಒಪ್ಪಿಕೊಂಡ, ಇಂಗ್ಲೆಂಡ್ ಬೆಚ್ಚಿಬಿತ್ತು. ಅದೇ ವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ಸಾಣೆಯ ಕೆಲಸಕ್ಕೆ ಫ್ಯಾನ್ ಹಾಕಿಸುವ ಅಧಿಕಾರ ಇನ್‌ಸ್ಪೆಕ್ಟರರಿಗೆ ಸಿಕ್ಕಿತು. ಬಾಂಬಿನ ಸುದ್ದಿ ಇತಿಹಾಸದಲ್ಲಿ ಉಳಿಯಿತು, ಫ್ಯಾನಿನದು ಯಾರಿಗೂ ನೆನಪಿಲ್ಲ. ಕಾಯ್ದೆಗೂ ಒಂದು ತೊಡಕಿತ್ತು. ಸಾಣೆಗಾರರಲ್ಲಿ ಎಷ್ಟೋ ಮಂದಿ ಯಾರ ನೌಕರರೂ ಅಲ್ಲ. ಕಲ್ಲಿನ ಜಾಗವನ್ನು ಬಾಡಿಗೆಗೆ ಹಿಡಿದು ಬಿಡಿಲೆಕ್ಕದಲ್ಲಿ ದುಡಿಯುವವರು. ಮಾಲೀಕನೇ ಇಲ್ಲದಿದ್ದಲ್ಲಿ ಫ್ಯಾನ್ ಹಾಕಿಸಬೇಕಾದವರು ಯಾರು?

ಅತಿ ತೆಳುವಾದ ತಗ್ಗಿನ ಕತ್ತಿಯಲ್ಲಿ ಜರ್ಮನರು ಕೊನೆಗೆ ಶೆಫೀಲ್ಡನ್ನು ಮೀರಿಸಿದರು. ವುಪ್ಪರ್ ನದಿಯ ದಡದ ಸೋಲಿಂಗೆನ್‌ನಲ್ಲಿ ತಯಾರಾದ ಕತ್ತಿಯನ್ನು ಉಗುರಿನಿಂದ ಮೀಟಿದರೆ ‘ಟಿಣ್’ ಎಂದು ಹಾಡುತ್ತಿತ್ತಂತೆ. ತಮ್ಮ ಕತ್ತಿಗಳ ಮೇಲೆ ‘ಹ್ಯಾಂಬರ್ಗ್ ಗ್ರೌಂಡ್’ ಎಂದು ಕೆತ್ತಿಸಿಕೊಳ್ಳುವ ಗತಿ ಶೆಫೀಲ್ಡ್‌ನವರಿಗೂ ಬಂತು. 1903ರಲ್ಲಿ ಅಮೆರಿಕದ ಜಿಲೆಟ್ ಬಳಸಿ ಬಿಸಾಡುವ ಬ್ಲೇಡನ್ನು ಮಾರುಕಟ್ಟೆಗೆ ತಂದ ಮೇಲೆ ಈ ಪೈಪೋಟಿಯೇ ಅರ್ಥ ಕಳೆದುಕೊಂಡಿತು. ನಮ್ಮ ಕ್ಷೌರದಂಗಡಿಗಳಲ್ಲಿ ಮಾತ್ರ ಹಳೆಯ ಕತ್ತಿ ಬಹುಕಾಲ ಉಳಿದಿತ್ತು. ಏಡ್ಸ್ ಭಯ ಹರಡಿದ ಮೇಲೆ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಬಂದು ಅದೂ ಮೂಲೆ ಸೇರಿತು.

ಸಾಣೆಗಾರರನ್ನು ಹೆಚ್ಚಾಗಿ ಉಳಿಸಿದ್ದು ಇನ್ನೊಂದು ಬದಲಾವಣೆ. 1890ರ ದಶಕದಲ್ಲಿ ಅಮೆರಿಕದ ಅಚೆಸನ್ ಕಾರ್ಬೊರಂಡಂ ಎಂಬ ಕೃತಕ ಸಾಣೆಕಲ್ಲಿನ ಪುಡಿಯನ್ನು ತಯಾರಿಸಿದ. 20ನೆಯ ಶತಮಾನದಲ್ಲಿ ಇಂಥ ಕೃತಕ ಚಕ್ರಗಳು ಮರಳುಗಲ್ಲನ್ನು ಹಿಂದಕ್ಕೆ ತಳ್ಳಿದವು. ಕಲ್ಲೇ ಬದಲಾದಾಗ ರೋಗವೂ ಹಿಂಜರಿಯಿತು. ನಮ್ಮ ಬೀದಿಯ ಹಿರಿಯರ ಸೈಕಲ್ಲಿನ ಮೇಲಿರುವುದೂ ಇಂಥ ಕೃತಕ ಚಕ್ರವೇ. ಬಯಲಿನಲ್ಲಿ, ಗಳಿಗೆಗೊಂದು ಚೂರಿ ಹಿಡಿಯುವ ಅವರಿಗೆ ಶೆಫೀಲ್ಡ್‌ನ ಗತಿ ಬರಲಾರದು.

ಇನ್ನು ಅಜ್ಜನ ಪೆಟ್ಟಿಗೆಯ ಉಂಗುರ. ಅಕೀಕ್ ಕಲ್ಲಿನ ಉಂಗುರ, ತಸ್ಬೀಹ್ ಎಂದರೆ ನಮ್ಮ ಹಿರಿಯರಿಗೆ ಪ್ರಾಣ. ಆ ಕಲ್ಲುಗಳು ಬರುವುದು ಗುಜರಾತಿನಿಂದ. ರತನ್‌ಪುರದ ಬೆಟ್ಟದಲ್ಲಿ ಕಲ್ಲು ಸಿಗುತ್ತದೆ; ಆಫ್ರಿಕಾದಿಂದ ಬಂದ ಸಿದ್ದಿಗಳ ಪೀರ್ ಬಾವಾ ಗೋರ್ ಅವರ ದರ್ಗಾ ಇರುವುದೂ ಅಲ್ಲೇ. ಮಣಿಗಳಾಗಿ ರೂಪುಗೊಳ್ಳುವುದು ಖಂಭಾತ್‌ನಲ್ಲಿ. ಶತಮಾನಗಳಿಂದ ಅಲ್ಲಿಂದ ಅರಬರ ನಾಡಿಗೆ, ಆಫ್ರಿಕಾಕ್ಕೆ ಈ ಮಣಿಗಳು ಹಡಗೇರಿ ಹೋಗಿವೆ. ಶೆಫೀಲ್ಡ್‌ನಲ್ಲಿ ಸವೆಯುತ್ತಿದ್ದ ಕಲ್ಲಿನಲ್ಲಿ ಸಿಲಿಕಾ ಇತ್ತು. ಇಲ್ಲಿ ಕೈಯಲ್ಲಿ ಹಿಡಿದು ಸವೆಸುವ ವಸ್ತುವೇ ಸಿಲಿಕಾ. ಅಕೀಕ್ ಹೆಚ್ಚುಕಡಿಮೆ ಪೂರ್ತಿಯಾಗಿ ಅದೇ. ವಿದ್ಯುತ್ ಮೋಟಾರಿನ ಚಕ್ರಗಳು ಬಂದ ಮೇಲೆ ಧೂಳು ಇನ್ನೂ ಹೆಚ್ಚಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಅಲ್ಲಿ ಪರೀಕ್ಷೆ ನಡೆಸಿದಾಗ ಸಾಣೆಯವರಲ್ಲಿ ಸಿಲಿಕೋಸಿಸ್, ಅದರ ಬೆನ್ನಿಗೇ ಬರುವ ಕ್ಷಯ ಎರಡೂ ಕಂಡುಬಂದವು. ಚಕ್ರವನ್ನು ಎಂದೂ ಮುಟ್ಟದ, ಅದೇ ಓಣಿಯಲ್ಲಿ ವಾಸಿಸುವ ಜನರ ಎದೆಯ ಎಕ್ಸ್‌ರೇಗಳಲ್ಲೂ ರೋಗದ ಗುರುತುಗಳಿದ್ದವು.

1948ರ ನಮ್ಮ ಕಾರ್ಖಾನೆ ಕಾಯ್ದೆಯಲ್ಲಿ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಆದರೆ ಮನೆಯ ಜಗಲಿಯಲ್ಲಿ ಒಂದು ಚಕ್ರ, ವ್ಯಾಪಾರಿ ತಂದುಕೊಡುವ ಕಲ್ಲು, ಮಣಿಯ ಲೆಕ್ಕದಲ್ಲಿ ಕೂಲಿ. ಇದನ್ನು ಯಾವ ಕಾಯ್ದೆ ಕಾರ್ಖಾನೆ ಎನ್ನುತ್ತದೆ? ಹೆಂಡತಿ ಮಕ್ಕಳು ಅದೇ ಜಗಲಿಯ ಆಚೆ ಬದಿಯಲ್ಲಿ ಉಣ್ಣುತ್ತಾರೆ, ಮಲಗುತ್ತಾರೆ.